ಕಾಕಾನ ರೆಗ್ಗೆ, ಕಾಕುನ ಕೈಯಾಗ ಅಂಗಿ ಚುಂಗು

ರೆಕಾರ್ಡಿಂಗ್ ಖೋಲಿ ಇಟ್ಟಾಕಿ ಹಣಿಯೊಳಗ ನಿವಾಂತ ಅನ್ನೂದು ಬರದಿಲ್ಲ ನೋಡ್ರಿ. ಒಂದು ಫಜೀತಿ ಮುಗೀತು ಅನ್ನೂದ್ರಾಗ ಇನ್ನೊಂದು ಬಂದು ಬಾಗಲಾ ಬಡಿತೈತಿ.

ಇಚಲಕರಂಜಿಯೊಳಗ ನನ್ನ ಖೋಲಿ ಇರೂದು ಒಂದು ಮಗ್ಗದ ಕಾರಖಾನಿ ಮ್ಯಾಲ. ಕೆಳಗ ನಾಕು ಮಗ್ಗ ಖಟಖಟ, ಮ್ಯಾಲ ನಾನು ಸಪ್ಪಳ ಬರಬಾರದಂತ ಕಿಟಕಿಗೆ ಗಾದಿ ಬಡದು ಕುಂತಾಕಿ. ಹಳೇ ಕಬ್ಬಿಣ ಕೊಳ್ಳೂ ಭಂಗಾರ ಗಾಡಿಯವರ ಕೂಗು, ಲಗ್ನದ ಹಾಡು, ಎಲೆಕ್ಷನ್ನಿನ ಘೋಷಣಾ, ಇಂಥಾವ ನನ್ನ ಕೆಲಸ. ಸಮಾಧಾನ ನನಗ ಮೊದಲ ಕಡಿಮಿ. ಕುಂತ್ರ ಏಳಬೇಕನಸ್ತೈತಿ, ಎದ್ರ ಹೋಗಬೇಕನಸ್ತೈತಿ. ಇಂಥಾಕಿ ಕೈಗೆ ಹೋದ ವರ್ಷ ನಮ್ಮ ಕಾಕಾ ಸಿಕ್ರು.

ಕಾಕಾ ಮಗ್ಗ ನಡಸೂ ಮನಷ್ಯಾ. ಹರೇದಾಗ ಸ್ವಲ್ಪ ದಿನ ಗೋವಾದ ಹೋಟೆಲಿನ್ಯಾಗ ಭಾಂಡೆ ತಿಕ್ಕಾಕ ಹೋಗಿದ್ರಂತ. ಅಲ್ಲಿ ಯಾರೋ ಪರದೇಶದಾಂವ ಬಿಟ್ಟ ಹೋದ ಕ್ಯಾಸೆಟ್ಟಿನ್ಯಾಗ ರೆಗ್ಗೆ ಕೇಳಿದ್ರು. ಉಳದ ಹಾಡಿನ್ಯಾಗ ತಾಳ ಬೀಳೂ ಕಡೆ ಇದರಾಗ ಖಾಲಿ. ಖಾಲಿ ಇರೂ ಕಡೆ ಗಿಟಾರ ಚಕ್ ಅಂತೈತಿ. "ಅಯ್ಯ, ಇದು ನಮ್ಮ ಮಗ್ಗನ ಅಲ್ಲೇನು" ಅಂದವ್ರ ಊರಿಗೆ ಬಂದು ಕನ್ನಡದಾಗ ರೆಗ್ಗೆ ಹಾಡಾಕ ಹತ್ತಿದ್ರು. ಅವತ್ತಿಂದ ಗಣಪತಿ ಹಬ್ಬದ ಆರ್ಕೆಸ್ಟ್ರಾದಾಗ ಅವರು ಕಾಯಂ. ಆದ್ರ ಹೆಸರು ಒಂದ ಪೋಸ್ಟರಿನ್ಯಾಗೂ ಬರಲಿಲ್ಲ. ದೊಡ್ಡ ಹೆಸರೆಲ್ಲಾ ಮುಗದ ಮ್ಯಾಲ ಕೆಳಗ ಮರಾಠಿಯೊಳಗ "ಆಣಿ ಇತರ ಕಲಾಕಾರ", ಅಂದ್ರ ಮತ್ತ ಉಳದ ಕಲಾವಿದರು, ಅಂತ ಇರ್ತೈತೆಲ್ಲ, ಆ ಇತರದಾಗ ಅವರ ಜೀವಮಾನ ಹೋತು.

"ತಂಗಿ, ಒಂದ ಆಲ್ಬಮ್ ಮಾಡೂನು" ಅಂದ್ರು ಬಂದು. "ಹಾಡಾಕ ದೊಡ್ಡ ದೊಡ್ಡ ಪಾವಣ್ಯಾರನ್ನ, ಹೊರಗಿನ ಅತಿಥಿಗೋಳನ್ನ ಕರಿಯೂನು. ಒಬ್ಬೊಬ್ಬರ ಜೋಡಿ ಒಂದೊಂದ ಹಾಡು. ಆದ್ರ ಮ್ಯಾಲಿನ ಹೆಸರು ನಂದು. ಯಾರರೆ ಮೈಕಿನ್ಯಾಗ ನನ್ನ ಹೆಸರ ಹಿಡದು ಸ್ಟೇಜಿಗೆ ಕರಿಯೂದು ಒಮ್ಮೆ ಕೇಳಬೇಕನಸ್ತೈತಿ."

ಇಷ್ಟ ಹೇಳಿದ ಮ್ಯಾಲ ಇಲ್ಲ ಅನ್ನೂದ್ಹೆಂಗ?

ನಿಲ್ಲೂದು

ಮೊದಲನೇ ದಿನ ಹಾಡಿದ್ದನ್ನ ತಿರಗಿ ಹಚ್ಚಿ ಕೇಳಿದ್ರ ಧ್ವನಿ ಒಮ್ಮೆ ಕಿವಿಯಾಗ, ಒಮ್ಮೆ ನಾಕು ಮನಿ ಆಚೆ. ಇದೇನಪಾ ಅಂತ ಒಳಗ ಹಣಿಕಿ ಹಾಕಿದ್ರ ಕಾಕಾ ಹಾಡಕೋತ ಖೋಲಿ ತುಂಬ ಅಡ್ಡಾಡಾಕತ್ತಾರ. ಮಗ್ಗದಿಂದ ಮಗ್ಗಕ್ಕ ಓಡಿ ಹರದ ದಾರ ಕಟ್ಟಿದ ಕಾಲು ಅವು.

"ಕಾಕಾ, ಮೈಕ್ ಒಂದ ಕಡೆ ಐತಿ. ನೀವೂ ಒಂದ ಕಡೆ ಇರ್ರಿ."

"ನಿಂತ್ರ ಧ್ವನಿ ಹೊಂಡೂದಿಲ್ಲ ತಂಗಿ."

ಕುರ್ಚಿ ಹಾಕಿದೆ. ಕುರ್ಚಿ ಸುದ್ಧಾ ಅಡ್ಡಾಡಾಕ ಹತ್ತಿತು. ನೆಲದ ಮ್ಯಾಲ ಸುಣ್ಣದ ಗೆರಿ ಹೊಡದೆ. ಗೆರಿ ಮ್ಯಾಲ ಅಡ್ಡಾಡಿದ್ರು. ಕಡೀಕ ಅವರ ಹೆಂಡತಿಗೆ, ಅಂದ್ರ ಕಾಕುಗ, ಹೇಳಿಕಳಿಸಿದೆ. ಕಾಕು ಚಂದಗಡದ ಕಡೆಯಾಕಿ, ಮಾತು ಕಡಿಮಿ. ಬಂದು ಕಾಕಾನ ಹಿಂದ ಕಟಗಿ ಮಣಿ ಹಾಕ್ಕೊಂಡು ಕುಂತ್ರು, ಅಂಗಿ ಚುಂಗು ಮುಟಗಿಯೊಳಗ ಹಿಡಕೊಂಡ್ರು. ಕಾಕಾ ಗೂಟಕ್ಕ ಕಟ್ಟಿದ ಎತ್ತಿನಂಗ ನಿಂತು ಚಂದ ಹಾಡಿದ್ರು.

"ಹಿಂಗ ಅಂತ ಮೊದಲ ಹೇಳಬೇಕಿಲ್ರಿ?" ಅಂದೆ.

"ಲಗ್ನ ಆದಾಗಿಂದ ಹಿಡದೇನಿ ತಂಗಿ" ಅಂದ್ರು ಕಾಕು. "ಬಿಟ್ಟಿದ್ರ ಯಾವಾಗೋ ಮತ್ತ ಗೋವಾ ಮುಟ್ಟತಿದ್ರು."

ಗಡಹಿಂಗ್ಲಜದ ಬುವಾ

ಮೊದಲನೇ ಪಾವಣ್ಯಾರು ಗಡಹಿಂಗ್ಲಜದ ಭಜನಿ ಬುವಾ. ಆ ಕಡೆ ಅವರ ಹೆಸರು ಭಾಳ ದೊಡ್ಡದು. ಒಬ್ಬರಿಗೆ ಹೇಳಿದ್ದೆ, ಟೆಂಪೋ ತುಂಬ ಬಂದ್ರು. "ಹಿಂದ ಹಿಡಿಯವರು ಇಲ್ಲದ ನಾ ಬಾಯಿ ತಗಿಯೂದಿಲ್ರಿ" ಅಂದ್ರು ಬುವಾ. ಬುವಾ ಒಂದು ಸಾಲು ಅಂದ್ರ ಹಿಂದಿನವ್ರು ಅದನ್ನ ತಿರಗಿ ಅನಬೇಕು, ಅದು ಭಜನಿ ಪದ್ಧತಿ.

ಹಾಡು ಸುರು ಆತು. ರೆಗ್ಗೆಯೊಳಗ ಕಾಕಾ ಎಲ್ಲಿ ಖಾಲಿ ಬಿಟ್ರೋ ಅಲ್ಲೆಲ್ಲಾ ಇವರ ತಾಳ ಝಣ್ ಝಣ್.

"ಬುವಾ, ಅಲ್ಲಿ ಸುಮ್ಮ ಇರಬೇಕರಿ" ಅಂದ್ರು ಕಾಕಾ.

"ದೇವರ ಮುಂದ ಖಾಲಿ ಬಿಟ್ರ ಏನ್ ಚಂದರಿ?" ಅಂದ್ರು ಬುವಾ, ಭಾಳ ಮರ್ಯಾದಿಲೆ.

ನಾ ತಡಿಲಾರದ ಹೊರಗಿಂದ ಮೈಕಿನ್ಯಾಗ, "ನಿಲ್ಲಸ್ರಿ, ಮತ್ತ ಮೊದಲಿಂದ" ಅಂದೆ. ಬುವಾ ಕಣ್ಣು ಮುಚ್ಚಿದ್ರು. ನನ್ನ ಧ್ವನಿ ಹೆಡ್‌ಫೋನಿನ್ಯಾಗ ಬಂದದ್ದಕ್ಕ ಅದೂ ಹಾಡಂತ ತಿಳಕೊಂಡು, "ನಿಲ್ಲಸ್ರೀ… ಮತ್ತ ಮೊದಲಿಂದಾ…" ಅಂತ ಎಳದ್ರು. ಹಿಂದಿನವ್ರು ಇಡೀ ಟೆಂಪೋ ಅದನ್ನ ಎತ್ತಿಕೊಂಡ್ರು. ನಾ "ಅಲ್ರಿ, ಸಾಕ್ರಿ" ಅಂದ್ರ ಅದನ್ನೂ ಹಾಡಿದ್ರು. ಕಾಕಾ ನಡುವ ಚಕ್ ಚಕ್ ಗಿಟಾರ ಬಾರಸಕೋತ ನಿಂತಿದ್ರು.

ಆಲ್ಬಮ್ಮಿನ್ಯಾಗ ಮಂದಿ ಭಾಳ ಮೆಚ್ಚಿದ ಸಾಲು "ಅಲ್ರಿ, ಸಾಕ್ರಿ". ಅದನ್ನ ಬರದ ಕವಿ ಯಾರಂತ ಈಗೂ ಕೇಳತಾರ.

ಅಂಜದ ರ್‍ಯಾಪರ್

ಎರಡನೇ ಪಾವಣ್ಯಾ ಗೋಕುಳ ಶಿರಗಾಂವದ ಫೌಂಡ್ರಿಯೊಳಗ ಕೆಲಸ ಮಾಡೂ ರ್‍ಯಾಪರ್. ಕೊಲ್ಲಾಪುರದ ಕಾಲೇಜ್ ಹುಡುಗ್ರಿಗೆ ಅಂವ ಅಂದ್ರ ಜೀವ. ಮೊಬೈಲಿನ್ಯಾಗ ನೋಡಿದ್ರ ಕರೀ ಕನ್ನಡಕ, ಕೊಳ್ಳಾಗ ಸರಪಳಿಯಂಥಾ ಸಾಖಳಿ. ಹಾಡಿನ್ಯಾಗ ಇಡೀ ಜಿಲ್ಲಾನ ಹೊಡದು ಕೆಡವತೀನಿ ಅಂತಾನ.

ಬಂದಾಂವ ಚಪ್ಪಲಿ ಹೊರಗ ಬಿಟ್ಟು ಕಾಕಾನ ಕಾಲಿಗೆ ಬಿದ್ದ. ಕಾಕುನ ಕಾಲಿಗೆ ಬಿದ್ದ. ನಾನು ಕಾಲು ಹಿಂದ ಎಳಕೊಂಡೆ.

ಮೈಕ್ ಮುಂದ ನಿಂತು "ಮೀ ಕೋಣಾಲಾಚ್ ಘಾಬರತ್ ನಾಹೀ" ಅಂತ ಅಬ್ಬರಿಸಿದ, ಯಾರಿಗೂ ಅಂಜೂದಿಲ್ಲ ಅಂತ. ಅಬ್ಬರಿಸಿ ಕಾಕಾನ ಮಾರಿ ನೋಡಿ, "ಆಪಲ್ಯಾ ಆಶೀರ್ವಾದಾನೇ", ನಿಮ್ಮ ಆಶೀರ್ವಾದದಿಂದ, ಅಂತ ಮೆಲ್ಲಕ ಸೇರಿಸಿದ. ಮುಂದಿನ ಸಾಲಿನ್ಯಾಗ ವೈರಿಗೋಳನ್ನ ಹೊಡಿಯೂದಿತ್ತು. ಅಂಗಿ ಚುಂಗು ಹಿಡಕೊಂಡ ಕುಂತಿದ್ದ ಕಾಕು ತಲಿ ಎತ್ತಿದ್ರು.

"ಯಾರನ್ನ ಹೊಡಿತೀಯೋ ತಮ್ಮಾ?"

"ಹಂಗ ಹಾಡಿನ್ಯಾಗ ರೀ, ಕಾಕು."

"ನಿಮ್ಮವ್ವಗ ಗೊತ್ತೈತೇನು?"

ಹುಡಗ ಕನ್ನಡಕ ತಗದ. ಆಮ್ಯಾಲ ಅಂವ ಹಾಡಿದ ಸಾಲು ಹಿಂಗ ಐತಿ: ನನ್ನ ಅಡ್ಡ ಬಂದವರನ್ನ ಕುಂಡರಿಸಿ, ಚಾ ಕುಡಿಸಿ, ತಿಳಿಸಿ ಹೇಳತೀನಿ.

ಫ್ಲೆಕ್ಸ್

ನಮ್ಮ ಕಡೆ ಯಾರದರೆ ವಾಢದಿವಸ, ಅಂದ್ರ ಹುಟ್ಟಿದ ದಿನ, ಬಂತಂದ್ರ ಚೌಕದಾಗ ಫ್ಲೆಕ್ಸ್ ಏಳತೈತಿ. ನಡುವ ಒಬ್ಬರು, ಸುತ್ತ ಶುಭೇಚ್ಛುಕರ ತಲಿಗೋಳು ಬುಟ್ಟಿಯೊಳಗ ಟೊಮ್ಯಾಟೊ ಒಟ್ಟಿದಂಗ. ಆಲ್ಬಮ್ಮಿನ ಮುಖಚಿತ್ರ ಮಾಡಾಕ ನಾವು ಹೋಗಿದ್ದು ಆ ಫ್ಲೆಕ್ಸಿನಾಂವನ ಕಡೆನ. ಅಂವಗ ಗೊತ್ತಿದ್ದದ್ದು ಅದೊಂದ ಪದ್ಧತಿ.

ನಡುವ ಬುವಾ ಕೈ ಮುಗದು ನಿಂತಾರ. ಬಾಜೂಕ ರ್‍ಯಾಪರ್. ಸುತ್ತ ಭಜನಿ ಟೆಂಪೋದವ್ರು ಅಷ್ಟೂ ಮಂದಿ, ಟೆಂಪೋ ಡ್ರೈವರ್ ಸಹಿತ. ಮೂಲ್ಯಾಗ ಒಂದು ಹುಲಿ, ಯಾಕಂತ ಕೇಳಬ್ಯಾಡ್ರಿ.

ಕಾಕಾ ಕನ್ನಡಕ ಏರಿಸಿ ಹುಡಿಕಿದ್ರು, ಹುಡಿಕಿದ್ರು. "ನಾ ಎಲ್ಲದೀನೋ?"

"ಇಲ್ಲಿ ಅದೀರೆಲ್ರಿ ಕಾಕಾ" ಅಂತ ಅಂವ ಕಂಪ್ಯೂಟರಿನ್ಯಾಗ ದೊಡ್ಡದು ಮಾಡಿ ತೋರಿಸಿದ. ಹುಲಿ ಕಾಲಬುಡಕ ಸಣ್ಣ ಅಕ್ಷರದಾಗ "ಸ್ವಾಗತೋತ್ಸುಕ: ಆಣಿ ಇತರ", ಸ್ವಾಗತ ಕೋರೂ ಇತರರು ಅಂತ.

ಕಾಕಾನಂಥಾ ಅಡ್ಡಾಡೂ ಮನಷ್ಯಾ ಒಮ್ಮೆಲೆ ನಿಂತಬಿಟ್ರು. ಫ್ಲೆಕ್ಸಿನಾಂವಗ ನಾ ಅಂದ ಮಾತು ಇಲ್ಲಿ ಬರಿಯಂಗಿಲ್ಲ. ಕಾಕಾನ ಹೆಸರು ಮ್ಯಾಲ ದೊಡ್ಡದಾಗಿ ಹಾಕಿಸಿ, ಉಳದ ಎಲ್ಲಾ ತಲಿ ತಗಿಸಿದೆ.

ಅಂವ ಹುಲಿ ಮಾತ್ರ ತಗಿಲಿಲ್ಲ. "ಅದು ಪುಕ್ಕಟ್ ಐತ್ರಿ ಅಕ್ಕಾ" ಅಂದ.

ಮಗ್ಗ

ಉಳದದ್ದು ಒಂದ ಹಾಡು. ಪಾವಣ್ಯಾ ಇಲ್ಲದ್ದು, ಕಾಕಾ ಒಬ್ಬರ ಹಾಡೂದು. "ದಾರ ಹರದ್ರ ಗಂಟ ಹಾಕು" ಅಂತ ಅವರ ಕಟ್ಟಿದ ಹಾಡು. ಇದಕ್ಕ ಗಿಟಾರ ಮತ್ತ ಧ್ವನಿ ಅಷ್ಟ. ಉಳದ ಹಾಡಿನ್ಯಾಗ ಗದ್ದಲದ ಕೆಳಗ ಮಗ್ಗದ ಸಪ್ಪಳ ಮುಚ್ಚಿ ಹೋಗಿತ್ತು. ಇದರಾಗ ಮುಚ್ಚೂದ್ಹೆಂಗ? ಮಗ್ಗ ನಿಲ್ಲಬೇಕಂದ್ರ ಕರೆಂಟ್ ಹೋಗಬೇಕು. ನನ್ನ ಮಷಿನ್ ಇನ್ವರ್ಟರ್ ಮ್ಯಾಲ ನಡಿತೈತಿ. ಊರೆಲ್ಲಾ ಕರೆಂಟ್ ಬರಲಿ ಅಂತ ದೇವರಿಗೆ ಬೇಡಿಕೊಂಡ್ರ ನಾವು ಹೋಗಲಿ ಅಂತ ಕುಂತ್ವಿ. ಬೇಕಂದಾಗ ಹೋಗಬೇಕಲ್ರಿ ಅದು? ಕಾಕಾ ಅಡ್ಡಾಡಿದ್ರು, ನಾನೂ ಅಡ್ಡಾಡಿದೆ, ಬಾಗಲದಾಗ ಇಬ್ಬರೂ ಡಿಕ್ಕಿ ಹೊಡದ್ವಿ.

ಕಡೀಕ ಒಂದಿನ ಮಧ್ಯಾಹ್ನ ಹೋತು. ಇಡೀ ಓಣಿ ತಣ್ಣಗ. ಕಾಕಾ ಬಾಯಿ ತಗದ್ರು, ತಾಳ ತಪ್ಪಿದ್ರು. ಮತ್ತ ಸುರು ಮಾಡಿದ್ರು, ಮತ್ತ ತಪ್ಪಿದ್ರು.

"ತಂಗಿ, ಇಷ್ಟ ಸುಮ್ಮಿದ್ರ ನನಗ ಅಂಜಿಕಿ ಬರ್ತೈತಿ. ಎಲ್ಲಿ ಕಾಲಿಡಬೇಕು ತಿಳೀವಲ್ದು."

ಅಷ್ಟರಾಗ ಕರೆಂಟ್ ಬಂತು. ಕೆಳಗ ನಾಕೂ ಮಗ್ಗ ಖಟಖಟ ಎದ್ದುವು. ಕಾಕಾ ಅಲ್ಲೇ ತಾಳ ಹಿಡದ್ರು, ಏನ್ ಧ್ವನಿ ಅದು! ನಾ ಇಷ್ಟ ದಿನ ಕಾದ ಸಿಟ್ಟಿಲೆ ಕಿಟಕಿಯ ಗಾದಿ ಕಿತ್ತು ಒಗದು, ಇನ್ನೊಂದ ಮೈಕ್ ಕೆಳಗ ಇಳಿಬಿಟ್ಟೆ. "ಹಾಡ್ರಿ ಕಾಕಾ, ಮಗ್ಗನ ಪಾವಣ್ಯಾ ಆಗಲಿ" ಅಂದೆ.

ನಡು ಹಾಡಿನ್ಯಾಗ ಒಂದ ಮಗ್ಗದ ದಾರ ಹರೀತು, ಮಗ್ಗ ನಿಂತಿತು. ಕಾಕಾ ಬಾಗಲಾ ಕಡೆ ಜಿಗದ್ರು. ಹಿಂದ ಕುಂತಿದ್ದ ಕಾಕು ಅಂಗಿ ಜಗ್ಗಿದ್ರು. ಕೆಳಗ ಯಾರೋ ದಾರ ಕಟ್ಟಿ ಮಗ್ಗ ಸುರು ಮಾಡೂತನಾ ಕಾಕಾ ಒದ್ದಾಡಕೋತ ಹಾಡಿದ್ರು. ಆ ಒದ್ದಾಟಕ್ಕ ಹಾಡಿಗೆ ಒಂದು ಜೀವ ಬಂತು, ನನಗ ಕಣ್ಣಾಗ ನೀರು. ಹಂಗ ಇಟ್ಟೆ.

ಅಂಗಿ ಹರದದ್ದು ಆಮ್ಯಾಲ ಗೊತ್ತಾತು.

ಹೆಸರು ಕರದಾಗ

ಬಿಡುಗಡಿ ದಿನ ಊರಿನ ಹಾಲ್ ತುಂಬಿತ್ತು. ಬಂದವರೆಲ್ಲಾ ಮಗ್ಗದವ್ರ. ಸ್ಟೇಜ್ ಮ್ಯಾಲ ಕೊಲ್ಲಾಪುರದಿಂದ ಬಂದ ಮುಖ್ಯ ಪಾವಣ್ಯಾರು, ಪೇಟಾ ಕಟ್ಟಿಸಿಕೊಂಡು. ಬಾಜೂಕ ಕಾಕಾ, ಹೊಸ ಅಂಗಿ. ಕಾಕುನ್ನ ಮೊದಲನೇ ಸಾಲಿನ್ಯಾಗ ನನ್ನ ಬಾಜೂಕ ಕುಂಡರಿಸಿದ್ವಿ.

ಪದ್ಧತಿ ಹಿಂಗಿತ್ತು: ಮೊದಲ "ದಾರ ಹರದ್ರ" ಹಾಡು ಹಚ್ಚೂದು, ಅದು ಮುಗಿಯೂದ್ರಾಗ ಕಾರ್ಯಕ್ರಮ ನಡಸೂ ನಿವೇದಕ ಕಾಕಾನ ಹೆಸರು ಕರಿಯೂದು, ಅವರು ಮುಂದ ಬಂದು ಶಾಲು ಹೊತಗೊಳ್ಳೂದು. ಅದಕ್ಕ ಕಾಕಾ ಮುಂಜಾನಿಂದ ಊಟ ಮಾಡಿದ್ದಿಲ್ಲ.

ಹಾಡು ಹತ್ತಿತು. ದೊಡ್ಡ ಸ್ಪೀಕರಿನ್ಯಾಗ ನಾಕೂ ಮಗ್ಗ ಖಟಖಟ. ನಡುವ ಆ ಜಾಗಾ ಬಂತು, ಒಂದ ಮಗ್ಗ ನಿಂತಿತು.

ಇಡೀ ಹಾಲ್ ಎದ್ದು ನಿಂತಿತು ನೋಡ್ರಿ. ಒಬ್ಬರೂ ಕುಂತಿದ್ದಿಲ್ಲ. ಮಗ್ಗ ನಿಂತ ಸಪ್ಪಳ ಕೇಳಿ ಕುಂಡ್ರೂ ಮಂದಿ ಅಲ್ಲ ಅವ್ರು. ಕೊಲ್ಲಾಪುರದ ಪಾವಣ್ಯಾರು ಇದನ್ನ ನೋಡಿದ್ರು; ಹಾಡಿಗೆ ಮಂದಿ ಎದ್ದು ನಿಂತು ಮಾನ ಕೊಡಾಕತ್ತಾರ ಅಂತ ತಿಳದು ತಾವೂ ಎದ್ದು, ಕಣ್ಣು ಒರಿಸಿಕೋತ ಚಪ್ಪಾಳಿ ಹೊಡಿಯಾಕ ಹತ್ತಿದ್ರು. ಅವರು ಹೊಡದ್ರಂತ ಎಲ್ಲಾರೂ ಹೊಡದ್ರು. ನಿವೇದಕಗ ಹುರುಪು ಏರಿತು, ಹಾಡು ಮುಗಿಯೂ ಮೊದಲ ಮೈಕ್ ಹಿಡದು ಕಾಕಾನ ಹೆಸರು, ಅಪ್ಪನ ಹೆಸರು, ಮನಿತನದ ಹೆಸರು ಕೂಡಿಸಿ ಹಾಲ್ ಗುಂಯ್ ಅನ್ನೂಹಂಗ ಕರದ.

ಕುರ್ಚಿ ಖಾಲಿ.

ಶಾಲು ಹಿಡದವ್ರು ಶಾಲು ಹಿಡಕೊಂಡು ನಿಂತಾರ. ನಿವೇದಕ ಮತ್ತೊಮ್ಮೆ ಕರದ. ಸ್ಟೇಜಿನ ಕೆಳಗ, ದೊಡ್ಡ ಸ್ಪೀಕರಿನ ಹಿಂದಿಂದ, ಕಾಕಾನ ಧ್ವನಿ ಬಂತು.

"ಬಂದೆ ತಡೀರಿ, ದಾರ ಹರದೈತಿ."

ಕಾಕು ತಮ್ಮ ಖಾಲಿ ಮುಟಗಿ ನೋಡಕೊಂಡ್ರು. ಆಮ್ಯಾಲ ನನ್ನ ಕಡೆ ತಿರಗಿ ಅಂದ್ರು, "ನನ್ನೂ ಸ್ಟೇಜ್ ಮ್ಯಾಲ ಕುಂಡರಿಸಬೇಕಿತ್ತು ತಂಗಿ. ಹಾಡು ನೀವ ಮಷಿನ್ನಿನ್ಯಾಗ ಹಿಡದೀರಿ, ಮನಷ್ಯಾನ್ನ ಯಾರ ಹಿಡೀಬೇಕು?"