ಎಡಗಡೆ ಇಲ್ಲದ ಊಟ

ನನ್ನ ಸೋದರಮಾವನಿಗೆ ಬಾರದ ಕಾಯಿಲೆಯೇ ಇಲ್ಲ. ಆದರೆ ಯಾವುದೂ ಒಂದು ವಾರಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ! ಅವನು ಬೊಂಬಾಯಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಮೆದುಳಿನ ಮೇಲೆ ಸಂಶೋಧನೆ ಮಾಡುತ್ತ, ಪಾಠವನ್ನೂ ಹೇಳುತ್ತಿದ್ದ. ಪುಸ್ತಕ ಓದಿ ಯಾರಿಗೂ ಮೆದುಳು ಅರ್ಥವಾಗದು ಎಂಬುದು ಅವನ ಸಿದ್ಧಾಂತ. ಆದ್ದರಿಂದ ವಾರಕ್ಕೊಂದು ಮೆದುಳಿನ ರೋಗವನ್ನು ತಾನೇ ನಟಿಸುವುದು, ವಿದ್ಯಾರ್ಥಿಗಳು ಅದನ್ನು ಪತ್ತೆ ಹಚ್ಚುವುದು. ಕಾಲೇಜಿನಲ್ಲಿ ಮಾತ್ರ ನಟಿಸಿದರೆ ಮೋಸವಾಗುತ್ತದಂತೆ. ಹಾಗಾಗಿ ಚೆಂಬೂರಿನ ನಮ್ಮ ಮನೆಯಲ್ಲೂ ಅದೇ ಆಸ್ಪತ್ರೆ!

ಒಮ್ಮೆ ಕಿರುಮೆದುಳಿನ ವಾರ. ಅದು ಕೆಟ್ಟರೆ ಮನುಷ್ಯ ತೂರಾಡುತ್ತಾನೆ. ಮಾವ ಸ್ಟೇಷನ್ನಿನಲ್ಲಿ ಭಕ್ತಿಯಿಂದ ತೂರಾಡಿದ. ಆಗ ಊರಿಗೆಲ್ಲ ಪಾನನಿಷೇಧ. ಹವಾಲ್ದಾರ ಬಿಟ್ಟಾನೆಯೇ?

"ದಾರೂ ಪಿಯಾ ಹೈ ಕ್ಯಾ?"

"ನಹೀಂ ಸಾಹೇಬ್, ದಿಮಾಗ್ ಖರಾಬ್ ಹೈ."

"ವೋ ತೋ ದಿಖ್ ರಹಾ ಹೈ. ಚಲ್ ಠಾಣೆ!" ಮೆದುಳು ಕೆಟ್ಟಿರುವುದು ಕಾಣುತ್ತಲೇ ಇದೆಯಂತೆ!

ವಿದ್ಯಾರ್ಥಿಗಳು ಬಿಡಿಸಲು ಓಡಿ ಬಂದರೆ ಈ ಪುಣ್ಯಾತ್ಮ ಬೆಂಚು ಬಿಟ್ಟು ಏಳಲೇ ಇಲ್ಲ. "ಮೊದಲು ರೋಗ ಯಾವುದು ಹೇಳಿ. ತಪ್ಪು ಹೇಳಿದ್ರೆ ನಾನು ಇಲ್ಲೇ ಇರ್ತೀನಿ" ಎಂದ. ಅವರು ತಪ್ಪು ಹೇಳುತ್ತಲೇ ಹೋದರು. ಕೊನೆಗೆ ಇನ್‌ಸ್ಪೆಕ್ಟರನೇ ಕೈಮುಗಿದು ಹೊರಗೆ ಕಳಿಸಿದನಂತೆ.

ಇನ್ನೊಂದು ವಾರ ವಸ್ತುಗಳ ಹೆಸರೇ ನಾಲಿಗೆಗೆ ಬಾರದ ರೋಗ. ಬೆಳಿಗ್ಗೆ ತಟ್ಟೆಯ ಮುಂದೆ ಕೂತು, "ಅಮ್ಮಾ, ಬೆಳ್ಳಗೆ, ದುಂಡಗೆ, ಚಟ್ನಿಗೆ ಅದ್ದಿ ತಿನ್ನೋದು ಕೊಡು" ಎಂದ.

"ಇಡ್ಲಿ ಅನ್ನು, ಕೊಡ್ತೀನಿ" ಎಂದಳು ಅಜ್ಜಿ. ಮಾವ ಅನ್ನಲಿಲ್ಲ. ಅಜ್ಜಿಯೂ ಸೋಲಲಿಲ್ಲ. ವಿಜ್ಞಾನ ಹಸಿದುಕೊಂಡೇ ಲೋಕಲ್ ರೈಲು ಹತ್ತಿತು!

ಇಂಥವನು ಇರುವ ಮನೆಯಲ್ಲಿ ಅಕ್ಕನ ನಿಶ್ಚಿತಾರ್ಥ. ಹುಡುಗ ಅಕ್ಕನಿಗೆ ತುಂಬ ಇಷ್ಟವಾಗಿದ್ದ. ಹುಚ್ಚು ವಂಶದಲ್ಲೇ ಇದೆ ಎಂದು ಅವನ ತಾಯಿ ಎದ್ದು ಹೋದರೆ? ಅಕ್ಕನಿಗೆ ಅದೊಂದೇ ದಿಗಿಲು. "ಅವತ್ತೊಂದು ದಿನ ಆರೋಗ್ಯವಾಗಿರೋ, ನಿನ್ನ ದಮ್ಮಯ್ಯ" ಎಂದು ಅಜ್ಜಿ ಬೇಡಿಕೊಂಡಳು.

"ಈ ವಾರದ್ದು ಯಾರಿಗೂ ಗೊತ್ತಾಗಲ್ಲಮ್ಮ. ಎಡಗಡೆ ಪ್ರಪಂಚವೇ ಇಲ್ಲ, ಅಷ್ಟೆ" ಎಂದ ಮಾವ.

ಅಷ್ಟೆ! ನಿಶ್ಚಿತಾರ್ಥದ ದಿನ ಬಲಗೆನ್ನೆ ಮಾತ್ರ ಬೋಳಿಸಿಕೊಂಡು ಬಂದ. ಘಾಟ್ಕೋಪರಿನಿಂದ ಬಂದ ಬೀಗರ ಎದುರು ಪಂಕ್ತಿಯಲ್ಲಿ ಕೂತು, ಎಲೆಯ ಬಲಭಾಗವನ್ನು ಒರೆಸಿದಂತೆ ತಿಂದು, ಎಡಗಡೆಯ ಕೋಸಂಬರಿ, ಚಟ್ನಿ, ಅರ್ಧ ಅನ್ನವನ್ನು ಹಾಗೇ ಬಿಟ್ಟ. ಬಡಿಸುತ್ತಿದ್ದ ಅಕ್ಕ ಪಾತ್ರೆ ಹಿಡಿದು ಆ ಎಲೆಗೆ ಅಡ್ಡವಾಗಿ ನಿಂತಳು.

ಹುಡುಗನ ತಾಯಿ ದಡಕ್ಕನೆ ಎದ್ದು ನಿಂತರು. "ನಮ್ಮ ಮಾವನೋರನ್ನ ಅಣಕಿಸ್ತಿದ್ದೀರಾ?"

ಆಗಲೇ ನಾವೆಲ್ಲ ನೋಡಿದ್ದು. ಎದುರು ಪಂಕ್ತಿಯಲ್ಲಿ ಹುಡುಗನ ತಾತ. ಅವರ ಎಲೆಯಲ್ಲೂ ಬಲಭಾಗ ಖಾಲಿ, ಎಡಭಾಗ ಬಡಿಸಿದ ಹಾಗೇ ಇದೆ! ಮಾವನ ನಟನೆ ಅಲ್ಲಿಗೆ ನಿಂತಿತು.

"ಇವರು ದಿನಾ ಹೀಗೇನಾ?" ಎಂದು ಮೆಲ್ಲಗೆ ಕೇಳಿದ.

"ಲಕ್ವ ಹೊಡೆದು ಎದ್ದ ಮೇಲೆ ದಿನಾ ಹೀಗೇ. ಅರ್ಧ ಬಿಟ್ಟೇಳ್ತಾರೆ. ಆಮೇಲೆ ಸೊಸೆ ಅರೆಹೊಟ್ಟೆಗೆ ಹಾಕ್ತಾಳೆ ಅಂತ ಬಿಲ್ಡಿಂಗಿಗೆಲ್ಲ ಸಾರ್ತಾರೆ. ನನಗೂ ಸಾಕಾಗಿದೆ" ಎಂದರು ಆಕೆ.

ಮಾವ ಕೈತೊಳೆದು ಬಂದು ತಾತನ ಪಕ್ಕ ಕೂತ. ಅವರ ಎಲೆಯ ಎರಡು ತುದಿ ಹಿಡಿದು ನಿಧಾನವಾಗಿ ತಿರುಗಿಸಿದ. "ಎಲೆ ತಿರುಗಿಸಬಾರದು ಕಣೋ!" ಎಂದು ಅಜ್ಜಿ ಕೂಗಿದಳು. ಕುಡಿ ಎಡದಿಂದ ಬಲಕ್ಕೆ ಬಂತು, ಅದರೊಂದಿಗೆ ಕೋಸಂಬರಿ, ಚಟ್ನಿ, ಉಳಿದ ಅನ್ನವೂ ಬಂತು.

ತಾತ ಕಣ್ಣರಳಿಸಿದರು. "ಇದನ್ನೆಲ್ಲ ಈಗ ಬಡಿಸಿದ್ರಾ?"

"ಅವರು ಸುಳ್ಳು ಹೇಳಿಲ್ಲಮ್ಮ, ನೀವೂ ಕಡಿಮೆ ಬಡಿಸಿಲ್ಲ" ಎಂದ ಮಾವ, ಹುಡುಗನ ತಾಯಿಗೆ. "ಕಣ್ಣು ಸರಿಯಾಗೇ ಇದೆ, ಮೆದುಳು ಮಾತ್ರ ಎಡಗಡೆ ನೋಡೋದನ್ನ ಬಿಟ್ಟಿದೆ. ಇಷ್ಟು ದಿನ ಪಾಪ, ಹಸಿದೇ ಏಳ್ತಿದ್ರು."

ನಮ್ಮ ಮನೆಯ ಹುಚ್ಚನ ಮೇಲೆ ಆ ಗಳಿಗೆಯಲ್ಲಿ ನನಗೆ ಉಕ್ಕಿದ ಪ್ರೀತಿ ಅಷ್ಟಿಷ್ಟಲ್ಲ. ಅಕ್ಕ ಪಾತ್ರೆ ಕೆಳಗಿಟ್ಟು ಕಣ್ಣೊರೆಸಿಕೊಂಡಳು. ತಾಂಬೂಲ ಬದಲಾಯಿಸುವುದನ್ನು ಇನ್ನು ಯಾರೂ ತಡೆಯುವಂತಿರಲಿಲ್ಲ. ಆದರೆ ಹುಡುಗನ ತಾಯಿಗೆ ಅದರ ಕಡೆ ಗಮನವೇ ಇಲ್ಲ. ಪಾಯಸದ ಪಾತ್ರೆ ತಂದು ತಾತನ ಬಲಕ್ಕೆ ಕೂತು, ಬಡಿಸಿ, ಅವರು ತಿನ್ನುವುದನ್ನೇ ನೋಡುತ್ತಿದ್ದರು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು.

ತಾತ ಎಲೆಯನ್ನೆಲ್ಲ ಬಳಿದು ತಿಂದು, ಸೊಸೆಯ ಕಡೆ ತಿರುಗಿದರು. "ಹೊಟ್ಟೆ ತುಂಬಿತು ಕಣಮ್ಮ. ನೀನು ಊಟ ಮಾಡಿದೆಯಾ?"