ಸಾಹೇಬರು ಸರ್ವರ್ ಉದ್ಧಾರ ಮಾಡಿದ್ದು

"ಒಂದು ಲೋಟ ಕಾಫಿ ಕೊಡು. ಅದು ಆರೋದ್ರೊಳಗೆ ಕೆಲಸ ಮುಗಿದಿರುತ್ತೆ!" ಎಂದು ಭಾನುವಾರ ಬೆಳಿಗ್ಗೆ ಸುರಕ್ಷತಾ ಸಾಹೇಬರು ಘೋಷಿಸಿದರು.

'ಸುರಕ್ಷತಾ ಸಾಹೇಬ' ಎಂಬ ಬಿರುದು ಕೊಟ್ಟವನು ಅವರ ಗೆಳೆಯ, ಗಡಿಯಾರ ರಿಪೇರಿಯವನು. ಸಾಹೇಬರು ಆಫೀಸಿನ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ಕಂಪ್ಯೂಟರ್ ಮುಟ್ಟುವುದು ಬೇರೆಯವರ ಕೆಲಸ. ಹೇಗೆ ಮುಟ್ಟಬೇಕೆಂದು ಭಾಷಣ ಬಿಗಿಯುವುದು ಇವರ ಕೆಲಸ. "ಮೊದಲು ಬ್ಯಾಕಪ್, ಆಮೇಲೆ ಬದುಕು" ಎಂಬ ಇವರ ಅಮೃತವಾಣಿ ಕ್ಯಾಂಟೀನಿನ ಗೋಡೆಯನ್ನೂ ಬಿಟ್ಟಿರಲಿಲ್ಲ.

ಗೆಳೆಯ ಈಚೆಗೆ ತೀರಿಕೊಂಡಿದ್ದ. ಅವನದೊಂದು ವೆಬ್‌ಸೈಟ್ ಉಳಿದಿತ್ತು. ತಾನು ರಿಪೇರಿ ಮಾಡಿದ ಗಡಿಯಾರಗಳನ್ನೆಲ್ಲ ಅದರಲ್ಲಿ ತನ್ನ ದನಿಯಲ್ಲೇ ಪರಿಚಯಿಸಿದ್ದ: "ಇವಳು ಸ್ವಲ್ಪ ನಿಧಾನ. ಆದ್ರೆ ಗಂಡನಿಗಿಂತ ಹೊತ್ತಿಗೆ ಸರಿಯಾಗಿ ಏಳ್ತಾಳೆ!" ಅವನ ಹೆಂಡತಿ ದಿನವೂ ಬೆಳಿಗ್ಗೆ ಅದರಲ್ಲೊಂದು ಮಾತನ್ನು ಹಾಕಿ ಕೇಳಿಕೊಂಡೇ ಒಲೆ ಹಚ್ಚುತ್ತಿದ್ದರು. ಸೈಟು ಇದ್ದದ್ದು ದೂರದ ಒಂದು ಬಾಡಿಗೆ ಸರ್ವರಿನಲ್ಲಿ. "ನಿಮ್ಮ ಆಪರೇಟಿಂಗ್ ಸಿಸ್ಟಂ ಹಳೆಯದಾಯಿತು, ಹೊಸದಕ್ಕೆ ಏರಿಸದಿದ್ದರೆ ಸೈಟು ನಿಲ್ಲುತ್ತದೆ" ಎಂದು ಬಾಡಿಗೆ ಕಂಪನಿ ಮೇಲ್ ಕಳಿಸಿದ್ದೇ ತಡ, ಸಾಹೇಬರು ಯಾರೂ ಕರೆಯದಿದ್ದರೂ ಹೋಗಿ ಪಾಸ್‌ವರ್ಡ್ ಕೇಳಿ ಪಡೆದು ಬಂದಿದ್ದರು. ಗೆಳೆಯ ಸತ್ತಾಗ ಅಳಲು ಬಾರದ ಗಂಡಸರು ಏನನ್ನಾದರೂ ರಿಪೇರಿ ಮಾಡಲು ಹೊರಡುತ್ತಾರೆ.

"ರೀ, ಗೊತ್ತಿರೋರ ಕೈಲಿ ಮಾಡಿಸಬಾರದಾ?" ಎಂದರು ಸಾಹೇಬರ ಹೆಂಡತಿ. "ಮೊನ್ನೆ ನಲ್ಲಿ ರಿಪೇರಿ ಮಾಡಿದಿರಿ. ಸೋಫಾ ಇನ್ನೂ ಒಣಗಿಲ್ಲ."

"ನಲ್ಲಿ ಬೇರೆ, ಸರ್ವರ್ ಬೇರೆ ಕಣೇ!"

"ಹೌದು, ನಲ್ಲಿ ನಮ್ಮದಾಗಿತ್ತು."

ಸಾಹೇಬರು ಕೇಳಿಸದವರಂತೆ ಕೆಲಸಕ್ಕೆ ಕೂತರು. ಮೊದಲು ಬ್ಯಾಕಪ್! ಇಡೀ ಸೈಟಿನ ಪ್ರತಿ ತೆಗೆದು, ಫೋಲ್ಡರಿಗೆ 'ಸುರಕ್ಷಿತ' ಎಂದು ನಾಮಕರಣ ಮಾಡಿ, ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಆಮೇಲೆ ಅಪ್‌ಗ್ರೇಡ್. ಪರದೆಯ ಮೇಲೆ ಅಕ್ಷರಗಳು ಇರುವೆ ಸಾಲಿನಂತೆ ಓಡತೊಡಗಿದವು. ನಡುನಡುವೆ ಸರ್ವರ್ ವಿನಯದಿಂದ ಪ್ರಶ್ನೆ ಕೇಳುತ್ತಿತ್ತು: ಹಳೆಯ ಮಾಲೀಕರು ಬರೆದ ಸೆಟ್ಟಿಂಗ್ ಇಟ್ಟುಕೊಳ್ಳಲೋ, ಹೊಸದನ್ನು ಹಾಕಲೋ? ಹೊಸದಿರುವಾಗ ಹಳೆಯದೇಕೆ? ಸಾಹೇಬರು ಮದುವೆಮನೆಯ ಯಜಮಾನರಂತೆ ಎಲ್ಲದಕ್ಕೂ "ಹೂಂ, ಹೂಂ" ಎಂದರು.

ಆ ಹಳೆಯ ಸೆಟ್ಟಿಂಗಿನಲ್ಲೇ ಇವರನ್ನು ಒಳಗೆ ಬಿಡುವ ಅಪ್ಪಣೆಯೂ ಇತ್ತು. ಅಪ್‌ಗ್ರೇಡ್ ಮುಗಿದು ಸರ್ವರ್ ಒಮ್ಮೆ ಮಲಗಿ ಎದ್ದು, ಇವರ ಮುಖಕ್ಕೇ ಬಾಗಿಲು ಹಾಕಿತು.

"ಏನಾಯ್ತು?"

"ಏನಿಲ್ಲ. ಸ್ವಲ್ಪ ವಿಶ್ರಾಂತಿ ತಗೋತಿದೆ."

"ಸರ್ವರ್ರೋ, ನಿಮ್ಮ ಬುದ್ಧಿಯೋ?"

ಬೆವರಿದ ಸಾಹೇಬರು ಕಂಪನಿಯ ಪುಟ ತೆರೆದರು. ಅಲ್ಲೊಂದು ಕೆಂಪು ಗುಂಡಿ: 'ಹೊಸದಾಗಿ ಸ್ಥಾಪಿಸಿ'. ಕೆಳಗೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ. ಸಣ್ಣ ಅಕ್ಷರ ಓದುವುದು ಸಣ್ಣ ಅಧಿಕಾರಿಗಳ ಕೆಲಸ! ಒತ್ತಿದರು. ಬಾಗಿಲು ತೆರೆಯಿತು. ಒಳಗೆ ಹೊಚ್ಚ ಹೊಸ ಸಿಸ್ಟಂ ಥಳಥಳ ಹೊಳೆಯುತ್ತಿತ್ತು. ಗಡಿಯಾರವಿಲ್ಲ, ಗೆಳೆಯನಿಲ್ಲ, ನರಪಿಳ್ಳೆಯಿಲ್ಲ.

"ಬ್ಯಾಕಪ್ ಇದೆಯಲ್ಲ?" ಎಂದರು ಹೆಂಡತಿ.

"ಇತ್ತು."

"ಎಲ್ಲಿತ್ತು?"

"ಅದೇ ಸರ್ವರಿನಲ್ಲಿ."

ಹೆಂಡತಿ ಈ ಬಾರಿ ನಗಲಿಲ್ಲ. "ಅಂದ್ರೆ, ಮನೆಗೆ ಬೆಂಕಿ ಬೀಳೋ ಮುಂಚೆ ಒಡವೆ ಎಲ್ಲಾ ಜೋಪಾನವಾಗಿ ಅದೇ ಮನೆ ಅಟ್ಟದ ಮೇಲಿಟ್ರಿ. ನಾಳೆ ಬೆಳಿಗ್ಗೆ ಒಲೆ ಹಚ್ಚೋವಾಗ ಆ ಅಕ್ಕ ಏನು ಕೇಳಬೇಕು ರೀ?"

ಅಂತ್ಯಕ್ರಿಯೆಯ ದಿನ ಸಾಹೇಬರು ಕುರ್ಚಿ ಜೋಡಿಸುತ್ತ, ನೀರು ಹಂಚುತ್ತ ಅಳುವಿನಿಂದ ತಪ್ಪಿಸಿಕೊಂಡಿದ್ದರು. ಈಗ ಜೋಡಿಸಲು ಕುರ್ಚಿಯಿರಲಿಲ್ಲ. ಗೆಳೆಯನನ್ನು ಎರಡನೇ ಸಲ, ಸ್ವಹಸ್ತದಿಂದ, ಸಕಲ ಸುರಕ್ಷತಾ ಕ್ರಮಗಳೊಂದಿಗೆ ಕಳಿಸಿಕೊಟ್ಟಂತಾಗಿತ್ತು.

ಗೆಳೆಯನ ಅಂಗಡಿಗೆ ದಾರಿಯುದ್ದಕ್ಕೂ ತಪ್ಪೊಪ್ಪಿಗೆಯನ್ನು ಉರು ಹೊಡೆಯುತ್ತ ಹೋದರು. ಗೆಳೆಯನ ಹೆಂಡತಿ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆ ಒರೆಸುತ್ತಿದ್ದರು. ಇವರ ಬಾಯಿಂದ ಒಂದೇ ಮಾತು ಹೊರಟಿತು: "ತಂಗಿ... ಎಲ್ಲಾ ಹೋಯ್ತಮ್ಮ." ಎಂದವರೇ ಚಿಕ್ಕ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತರು.

ಆಕೆ ಅಳು ಮುಗಿಯುವವರೆಗೆ ಕಾದು, ನೀರು ಕೊಟ್ಟು, ಸ್ಪ್ರಿಂಗು ಸ್ಕ್ರೂಗಳ ಡಬ್ಬಿಯಿಂದ ಒಂದು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು.

"ಎಲ್ಲಾ ಇದರಲ್ಲಿದೆ ಅಣ್ಣ. ಇಳಿಸಿಕೊಳ್ಳೋದು ಅವರೇ ಹೇಳಿಕೊಟ್ಟಿದ್ರು. ಆಸ್ಪತ್ರೆಯಲ್ಲಿ ಒಂದಿನ ಹೇಳಿದ್ರು, 'ಸಾಹೇಬ ರಿಪೇರಿ ಮಾಡ್ತೀನಿ ಅಂತ ಬಂದೇ ಬರ್ತಾನೆ. ಬೇಡ ಅನ್ಬೇಡ, ನೊಂದ್ಕೋತಾನೆ. ಮೊದಲು ಒಂದು ಪ್ರತಿ ತೆಗೆದಿಟ್ಕೋ, ಆಮೇಲೆ ಪಾಸ್‌ವರ್ಡ್ ಕೊಡು' ಅಂತ."

ಸಾಹೇಬರು ಕಣ್ಣೊರೆಸಿಕೊಂಡು, ಸೊರ್ರನೆ ಮೂಗೇರಿಸಿ, ಪೆನ್‌ಡ್ರೈವಿಗೆ ಕೈ ಚಾಚಿದರು. "ಕೊಡಮ್ಮ. ಇವತ್ತೇ ಹಾಕಿಕೊಡ್ತೀನಿ!"

ಆಕೆ ಅದನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

"ವಾಪಸ್ ಹಾಕಿಸೋಕೆ ಯಾರನ್ನ ಕರೀಬೇಕು ಅಂತಾನೂ ಹೇಳಿದ್ದಾರೆ ಅಣ್ಣ."

"ಯಾರನ್ನ?"

"ನಿಮ್ಮನ್ನ ಬಿಟ್ಟು ಯಾರನ್ನಾದ್ರೂ!"