ಲೆಮ್ ಕ್ಲೆಗ್ ಮುಖ ತೋರಿಸಿದ್ದು

ನಮ್ಮ ಲೆಮ್ ಕ್ಲೆಗ್ ಕುದುರೆ ಮೇಲಿಂದ ಬಿದ್ದನೆಂದರೆ ನ್ಯೂಹಾಲ್ ಬೆಟ್ಟಗಳೇ ಹಿಂದೆ ಸರಿದು ಜಾಗ ಬಿಡುತ್ತಿದ್ದವು. ಅವನು ನೆಲ ಮುಟ್ಟುವಷ್ಟರಲ್ಲಿ ನಾನು ಒಂದು ಕೈಯಲ್ಲಿ ಕ್ಯಾಮೆರಾದ ಹ್ಯಾಂಡಲ್ ತಿರುಗಿಸುತ್ತ, ಇನ್ನೊಂದರಲ್ಲಿ ಗಡ್ಡ ಬೋಳಿಸಿಕೊಂಡು, ಅದು ಮತ್ತೆ ಬೆಳೆದದ್ದನ್ನೂ ನೋಡಿಬಿಡುತ್ತಿದ್ದೆ.

ಮೂಕಿ ಚಿತ್ರಗಳ ಕಾಲ. ಲೆಮ್ ಬೆಳಿಗ್ಗೆ ದರೋಡೆಕೋರನಾಗಿ ಓಡುವನು. ಮಧ್ಯಾಹ್ನ ಅಂಗಿ ಬದಲಿಸಿ, ಶೆರಿಫನಾಗಿ ತನ್ನನ್ನೇ ಅಟ್ಟಿಸಿಕೊಂಡು ಹೋಗುವನು. ಸಂಜೆ ನಾಯಕನ ಬದಲು ಬೀಳುವನು. ಕಟ್ಟಳೆ ಒಂದೇ: ಮುಖ ಕಾಣಕೂಡದು.

ಅದೇ ಅವನ ಮದುವೆಗೆ ಅಡ್ಡ ಬಂತು. ಓಪಲ್ ಒಪ್ಪಿದ್ದಳು. ಅವಳಪ್ಪ, ಊರಿನ ಕ್ಷೌರಿಕ ಹಾಸ್ಕಿನ್ಸ್, ಜಗ್ಗಲಿಲ್ಲ.

"ಅಷ್ಟೊಂದು ಸಿನಿಮಾ ನೋಡ್ದೆ ಕಣಯ್ಯಾ. ಎಲ್ಲಾದ್ರಲ್ಲೂ ಇರೋ ಬೆನ್ನು ನಂದೇ ಅಂತೀಯ. ಬೆನ್ನಿಗೆ ನಾನು ಮಗಳನ್ನ ಕೊಡಲ್ಲ. ಮುಖ ತೋರ್ಸು, ಮದ್ವೆ ಮಾಡ್ಕೊ."

ಲೆಮ್ ನಿರ್ದೇಶಕ ಗ್ರೂಬರನ ಕಾಲಿಗೆ ಬಿದ್ದ, ಅದೂ ಓಡುವ ಕುದುರೆಯಿಂದ. ಗ್ರೂಬರ್ ಕರಗಿ, ಗುಂಡೇಟು ತಿಂದು ಸಾಯುವ ಶೆರಿಫನ ಪಾತ್ರ ಕೊಟ್ಟ. ಕುದುರೆಯಿಂದ ಜಾರಿ, ಕ್ಯಾಮೆರಾ ಕಡೆ ನೋಡಿ, ಕಣ್ಣು ಮುಚ್ಚಬೇಕು. ಅಷ್ಟೇ.

ಲೆಮ್ ಬಿದ್ದ. ಬೀಳುತ್ತಲೇ ಅವನ ಕತ್ತು ಸಾಲ ಕೊಟ್ಟವನನ್ನು ಕಂಡಂತೆ ಆಚೆ ತಿರುಗಿತು. ಎರಡನೆಯ ಸಲ ಮುಖವನ್ನು ಮಣ್ಣಿನಲ್ಲಿ ಹೂತ. ಮೂರನೆಯ ಸಲ ಹ್ಯಾಟನ್ನೇ ಮುಖದ ಮೇಲೆ ಎಳೆದುಕೊಂಡು ಸತ್ತ.

ಬುದ್ಧಿ ಹೇಳಲು ಎಲ್ಲರೂ ನೆರೆದರು. ಕತ್ತು ತಿರುಗದಂತೆ ಬೆನ್ನಿಗೆ ಹಲಗೆ ಕಟ್ಟಬೇಕೆಂದ ಕುದುರೆಯಾಳು; ಕಟ್ಟಿದರೆ ಹಲಗೆ ಸಮೇತ ಇಡೀ ಲೆಮ್ ತಿರುಗಿದ. ಕ್ಯಾಮೆರಾ ಪಕ್ಕ ಸೇಬಿನ ಕಡುಬು ಇಟ್ಟರೆ ತಾನಾಗಿ ನೋಡುತ್ತಾನೆಂದ ಅಡುಗೆಯವನು. ಅದನ್ನು ಕುದುರೆ ತಿಂದಿತು. ನಾಯಕನಟ ಮಾತ್ರ ಕುರ್ಚಿಯಲ್ಲಿ ಕೂತೇ, ಮುಖ ತೋರಿಸುವುದು ಹುಟ್ಟಿನಿಂದ ಬರಬೇಕೆಂದ.

ಬಿಸಿಲು ಇಳಿಯಿತು. "ಇದೇ ಕೊನೇದು ಕಣೋ," ಎಂದ ಗ್ರೂಬರ್. "ಆಗ್ಲಿಲ್ಲಾಂದ್ರೆ ಬೆದರುಬೊಂಬೆ ತರ್ಸಿ ಸಾಯಿಸ್ತೀನಿ."

"ಎದುರಿಗೆ ಓಪಲ್ ನಿಂತಿದಾಳೆ ಅಂದ್ಕೊಂಡು ಬೀಳ್ತೀನಿ ಸಾರ್."

ಬಿದ್ದ. ಎಂಥ ಸಾವು! ಮುಖ ನೆಟ್ಟಗೆ ನಮ್ಮತ್ತ, ಧೂಳುಗೆನ್ನೆಯ ಮೇಲೆ ಒಂದೇ ಹನಿ ಕಣ್ಣೀರು. ಅಡುಗೆಯವನು ಬಿಕ್ಕಿದ. ಮೇಲೆ ಹದ್ದುಗಳು ನಿಜವೆಂದೇ ನಂಬಿ ಕೆಳಗಿಳಿದವು.

ಚಿತ್ರ ತೆರೆಗೆ ಬಂದ ದಿನ ಲೆಮ್ ತಲೆಗೆ ಎಣ್ಣೆ ಬಳಿದುಕೊಂಡು ಹಾಸ್ಕಿನ್ಸನ ಪಕ್ಕ ಕೂತ. ಗುಂಡು ಹಾರಿತು, ಶೆರಿಫ ವಾಲಿದ, ತೆರೆಯ ತುಂಬ ಮುಖ ಬಂತು. ಕುದುರೆಯದು. ಅದು ನಿಧಾನವಾಗಿ ಆಕಳಿಸಿತು.

ಹಾಸ್ಕಿನ್ಸ್ ಬಹಳ ಹೊತ್ತು ನೋಡಿದ. "ಮುಖ ಏನೋ ಲಕ್ಷಣವಾಗಿದೆ," ಎಂದು ಮಗಳ ಕೈ ಹಿಡಿದು ಎದ್ದು ಹೋದ.

ಗಾಳಿ ಬೀಸಿತು, ಭೂಮಿ ನಡುಗಿತು, ಹದ್ದು ಕ್ಯಾಮೆರಾ ಎಳೆಯಿತು ಎಂದೆಲ್ಲ ನಾನು ಹೇಳತೊಡಗಿದೆ. ಲೆಮ್ ನನ್ನ ಕಾಲರ್ ಹಿಡಿದು, "ನಿಜ ಹೇಳೋ," ಎಂದ.

ಹೇಳಿದೆ. ಇಷ್ಟು ವರ್ಷ ಅವನ ಮುಖ ಕಂಡಾಗಲೆಲ್ಲ ಕ್ಯಾಮೆರಾ ಆಚೆ ತಿರುಗಿಸಿದ ಕೈ ನನ್ನದು. ಅವತ್ತೂ ತಾನಾಗಿ ತಿರುಗಿಬಿಟ್ಟಿತ್ತು.